ಡಿಲನ್ ಹಾಡಿನ ಬಗ್ಗೆ ಬರೆಯುವ ಮುನ್ನ: ಯಾವ ಪಾಠ, ಯಾವ ದಿನ, ಯಾವ ‘ನಾನು’

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲ ವಾಕ್ಯದಲ್ಲೇ 2016ರ ಸಾಹಿತ್ಯದ ನೊಬೆಲ್ ತರುತ್ತಾರೆ, ಎರಡನೆಯದರಲ್ಲಿ ‘ಹಾಡು ಸಾಹಿತ್ಯವೇ?’ ಎಂದು ಕೇಳುತ್ತಾರೆ. ವಚನ, ಕೀರ್ತನೆ, ತತ್ವಪದಗಳನ್ನು ಪಠ್ಯಪುಸ್ತಕದಲ್ಲೂ ಓದಿ ಭಜನೆಯಲ್ಲೂ ಹಾಡಿದ ನಮಗೆ ಆ ಪ್ರಶ್ನೆಯಿಂದ ಆಗಬೇಕಾದ್ದೇನೂ ಇಲ್ಲ. ಅದನ್ನು ಬಿಟ್ಟುಬಿಡಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನೀವು ಬರೆಯುತ್ತಿರುವುದು ಆ ಹಾಡಿನ ಯಾವ ಪಾಠದ, ಅಂದರೆ ಹಾಡಿದ ಯಾವ ರೂಪದ ಬಗ್ಗೆ?

ಹಳಗನ್ನಡ ಕಾವ್ಯ ಸಂಪಾದಿಸುವವರು ಓಲೆಗರಿಯ ಪ್ರತಿಗಳನ್ನು ಎದುರುಬದುರು ಇಟ್ಟು ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುತ್ತಾರಲ್ಲ, ಡಿಲನ್ ಹಾಡಿಗೆ ಬೇಕಾದದ್ದು ಅದೇ ಶಿಸ್ತು. ವ್ಯತ್ಯಾಸ ಇಷ್ಟೇ. ಅಲ್ಲಿ ಲಿಪಿಕಾರರ ಕೈತಪ್ಪು ಕಳೆದು ಮೂಲಕ್ಕೆ ಹೋಗುವ ಆಸೆ ಇರುತ್ತದೆ. ಇಲ್ಲಿ ಪಾಠ ಬದಲಿಸುತ್ತಿರುವವರು ಕವಿಯೇ. 1988ರ ಜೂನ್ 7ರಂದು ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನಲ್ಲಿ ಶುರುವಾಗಿ, ‘ನೆವರ್ ಎಂಡಿಂಗ್ ಟೂರ್’ ಎಂದು ಅಭಿಮಾನಿಗಳ ಬಾಯಲ್ಲಿ ಉಳಿದುಹೋದ ತಿರುಗಾಟದಲ್ಲಿ ಒಂದೇ ಹಾಡು ನೂರಾರು ಸಲ ಬೇರೆ ಲಯದಲ್ಲಿ, ಬೇರೆ ಮಾತಿನಲ್ಲಿ ಬಂದಿದೆ. ‘ಮೂಲ’ ಯಾವುದು ಎಂದು ಹುಡುಕುತ್ತಾ ಹೋದರೆ ಲೇಖನ ಮುಗಿಯುವುದಿಲ್ಲ. ಒಂದು ಪಾಠ ಹಿಡಿದು ಕೂರಬೇಕು.

ಮೊದಲ ಕೆಲಸ: ಒಂದು ಹಾಡು, ಮೂರು ಪಾಠ, ಒಂದು ಕೋಷ್ಟಕ

ಒಂದು ಹಾಡು ಆರಿಸಿಕೊಳ್ಳಿ. ಇಡೀ ಆಲ್ಬಮ್ ಬೇಡ, ‘ಡಿಲನ್ ಮತ್ತು ಬಂಡಾಯ’ದಂಥ ವಿಷಯವಂತೂ ಬೇಡವೇ ಬೇಡ. ಆ ಹಾಡಿನ ಮೂರು ಧ್ವನಿಮುದ್ರಣ ಸಾಕು. ಎರಡಾದರೆ ‘ಇದು ಚೆನ್ನ, ಅದು ಸಪ್ಪೆ’ ಎಂಬ ತಕ್ಕಡಿಗೆ ಬೀಳುತ್ತೀರಿ, ಹತ್ತಾದರೆ ಲೇಖನ ಪಟ್ಟಿಯಾಗುತ್ತದೆ. ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ಮುದ್ರಣದ ದಿನ ಮತ್ತು ಜಾಗ, ಯಾವ ಬಿಡುಗಡೆಯಲ್ಲಿದೆ, ಜೊತೆಗೆ ನುಡಿಸಿದವರು, ಮಾತು ಬದಲಾದ ಜಾಗ (ನಿಮಿಷ-ಸೆಕೆಂಡಿನ ಸಮೇತ), ದನಿ ಏನು ಮಾಡುತ್ತದೆ.

ಕೇಳುವುದಕ್ಕೂ ಒಂದು ಕ್ರಮವಿದೆ. ಮೊದಲ ಸಲ ಸಾಹಿತ್ಯ ಎದುರಿಗಿಡದೆ ಬರೀ ಕೇಳಿ. ಎರಡನೆಯ ಸಲ ಕಿವಿಗೆ ಬಿದ್ದದ್ದನ್ನು ಕೈಯಲ್ಲಿ ಬರೆದುಕೊಳ್ಳಿ. ಗೊತ್ತಾಗದ ಕಡೆ ಗೆರೆ ಎಳೆದು ಮುಂದೆ ಹೋಗಿ. ಮೂರನೆಯ ಸಲ ಅಧಿಕೃತ ಸಾಹಿತ್ಯದ ಜೊತೆ ತಾಳೆ ನೋಡಿ. ಹೊಸಬರು ಎಡವುವುದು ಇಲ್ಲೇ. ಅಚ್ಚಾದ ಸಾಹಿತ್ಯಕ್ಕೂ ಹಾಡಿದ ಸಾಹಿತ್ಯಕ್ಕೂ ಎಷ್ಟೋ ಹಾಡುಗಳಲ್ಲಿ ವ್ಯತ್ಯಾಸವಿದೆ. ಅಚ್ಚಿನ ಸಾಲು ಉಲ್ಲೇಖಿಸಿ ‘ಇಲ್ಲಿ ಡಿಲನ್ ಹೀಗೆ ಹಾಡುತ್ತಾರೆ’ ಎಂದು ಬರೆದಿರಿ ಎನ್ನಿ, ಆ ಮುದ್ರಣ ಬಲ್ಲ ಓದುಗ ಅಲ್ಲೇ ನಿಮ್ಮ ಕೈಬಿಡುತ್ತಾನೆ. ನಾಲ್ಕನೆಯ ಸಲ, ಸಂಶಯವಿದ್ದ ಕಡೆಗಳಲ್ಲಿ ಮಾತ್ರ, ವೇಗ ಅರ್ಧಕ್ಕೆ ಇಳಿಸಿ ಕೇಳಿ. ಇಡೀ ಹಾಡನ್ನು ಹಾಗೆ ಕೇಳಿದರೆ ಲಯದ ಅಂದಾಜು ಕೆಡುತ್ತದೆ.

ಬಿಡುಗಡೆಯ ಹೆಸರು ಬರೆದುಕೊಳ್ಳದೆ ಸೆಕೆಂಡು ಬರೆದರೆ ಉಪಯೋಗವಿಲ್ಲ. ಡಿಲನ್ನರ ಮೊದಲ ಎಂಟು ಆಲ್ಬಮ್‌ಗಳ ಮೋನೋ ಮಿಕ್ಸ್ (ಎಲ್ಲ ಸದ್ದನ್ನೂ ಒಂದೇ ವಾಹಿನಿಗೆ ಕೂಡಿಸಿದ್ದು) 2010ರಲ್ಲಿ ಪೆಟ್ಟಿಗೆಯಾಗಿ ಬಂತು. ಹೆಚ್ಚಿನವರ ಫೋನಿನಲ್ಲಿರುವುದು ಸ್ಟೀರಿಯೊ. ಮಿಕ್ಸ್ ಬದಲಾದರೆ ವಾದ್ಯಗಳ ಏರಿಳಿತವೂ ಹಾಡು ಕರಗುವ ಜಾಗವೂ ಬದಲಾಗಬಹುದು.

‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ ಹಿಡಿದು ಮಾಡಿ ನೋಡೋಣ

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಹಾಡಿಲ್ಲ. 1974ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ, ಈ ಹಾಡಿರುವ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಆಲ್ಬಮ್ ಧ್ವನಿಮುದ್ರಣವಾಯಿತು. ಪರೀಕ್ಷಾ ಪ್ರತಿಗಳೂ ಒತ್ತಿ ಆಗಿದ್ದವು. ಡಿಸೆಂಬರ್ ಕೊನೆಗೆ ಡಿಲನ್ ಮನಸ್ಸು ಬದಲಿಸಿ, ಮಿನಿಯಾಪೊಲಿಸ್‌ನ ಸೌಂಡ್ 80 ಸ್ಟುಡಿಯೊದಲ್ಲಿ ಸ್ಥಳೀಯ ವಾದ್ಯಗಾರರನ್ನು ಕೂಡಿಸಿಕೊಂಡು ಐದು ಹಾಡು ಮತ್ತೆ ಮಾಡಿದರು. ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ ಡಿಸೆಂಬರ್ 30ರಂದು ಮುದ್ರಣವಾಯಿತು. ರೆಕಾರ್ಡಿನ ಲಕೋಟೆಗಳು ಆಗಲೇ ಅಚ್ಚಾಗಿದ್ದರಿಂದ ಆ ವಾದ್ಯಗಾರರ ಹೆಸರು ಅದರ ಮೇಲೆ ಬರಲಿಲ್ಲ. ಹಳೆಯ ಲಕೋಟೆ ನೋಡಿ ವಾದ್ಯಗಾರರ ಹೆಸರು ಬರೆಯುವವರು ಇಂದಿಗೂ ತಪ್ಪುವುದು ಇದರಿಂದಲೇ. ಗಿಟಾರ್ ನುಡಿಸಿದ ಕೆವಿನ್ ಒಡೆಗಾರ್ಡ್, ಹಾಡನ್ನು ‘ಜಿ’ ಶ್ರುತಿಯಿಂದ ‘ಎ’ಗೆ ಏರಿಸಿದರೆ ಹೇಗೆ ಎಂದು ಸೂಚಿಸಿದ್ದು. ಒಂದು ಸ್ವರ ಮೇಲೇರಿದ್ದರಿಂದ ಡಿಲನ್ ಗಂಟಲು ತುಸು ಚಾಚಬೇಕಾಯಿತು. ಆಲ್ಬಮ್ ಪಾಠದಲ್ಲಿ ನಮಗೆ ಕೇಳುವ ತವಕದ ಒಂದು ಭಾಗ ಅಲ್ಲಿಂದ ಬಂದದ್ದು.

ಈಗ ಮೂರು ಪಾಠ ಇಟ್ಟುಕೊಳ್ಳಿ: 1991ರಲ್ಲಿ ‘ಬೂಟ್‌ಲೆಗ್ ಸೀರೀಸ್’ (ಡಿಲನ್ನರ ಬಿಡುಗಡೆಯಾಗದ ಮುದ್ರಣಗಳ ಅಧಿಕೃತ ಸರಣಿ) ಮೊದಲ ಪೆಟ್ಟಿಗೆಯಲ್ಲಿ ಬಂದ ನ್ಯೂಯಾರ್ಕ್ ಪಾಠ; 1975ರ ಜನವರಿಯಲ್ಲಿ ಬಂದ ಆಲ್ಬಮ್ ಪಾಠ; 1984ರ ಜುಲೈ 7ರಂದು ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿದ್ದು, ‘ರಿಯಲ್ ಲೈವ್’ ಆಲ್ಬಮ್ಮಿನಲ್ಲಿದೆ. ಆಲ್ಬಮ್ಮಿನಲ್ಲಿ ಮೊದಲ ಸಾಲಿನಿಂದಲೇ ‘ನಾನು’. ನ್ಯೂಯಾರ್ಕ್ ಪಾಠ ಶುರುವಾಗುವುದು ‘ಅವನು’ ಎಂದು. 1984ರಲ್ಲಿ ಮತ್ತೆ ‘ಅವನು’, ಜೊತೆಗೆ ಚರಣಗಳೇ ಹೊಸದಾಗಿ ಹೆಣೆದದ್ದು. ಇನ್ನೊಂದು ಕುತೂಹಲ: ಆಲ್ಬಮ್ಮಿನಲ್ಲಿ ಹೆಂಗಸು 13ನೇ ಶತಮಾನದ ಇಟಾಲಿಯನ್ ಕವಿಯೊಬ್ಬನ ಪುಸ್ತಕ ಕೊಡುತ್ತಾಳೆ. 1978ರ ಕೊನೆಯ ಕಾರ್ಯಕ್ರಮಗಳಲ್ಲಿ ಅದೇ ಜಾಗದಲ್ಲಿ ಬೈಬಲ್ ಬಂದು ಕೂತಿತು. ಮರುವರ್ಷವೇ ಅವರು ಕ್ರೈಸ್ತ ಭಕ್ತಿಗೀತೆಗಳ ಆಲ್ಬಮ್ ತಂದರು. ಆ ಕವಿ ಯಾರು, ದಾಂಟೆಯೋ ಇನ್ನೊಬ್ಬರೋ ಎಂದು ಪುಟ ತುಂಬಿಸುವುದಕ್ಕಿಂತ ಆ ಜಾಗದಲ್ಲಿ ಪುಸ್ತಕ ಬದಲಾಯಿತಲ್ಲ, ಅದನ್ನು ಬರೆಯಿರಿ.

ವೇಗದ ವಿಷಯವೂ ಗಮನದಲ್ಲಿರಲಿ. ನ್ಯೂಯಾರ್ಕ್ ಟೇಪುಗಳನ್ನು ಬಿಡುಗಡೆಗೆಂದು ಶೇಕಡಾ 2-3ರಷ್ಟು ವೇಗ ಹೆಚ್ಚಿಸಿ ಮಿಕ್ಸ್ ಮಾಡಿದ್ದರು. 2018ರ ‘ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್’ನಲ್ಲಿ ಅವು ನಿಜವಾದ ವೇಗಕ್ಕೆ ಮರಳಿವೆ. ಹಾಗಾಗಿ ‘ಹೊಸ ಬಿಡುಗಡೆಯಲ್ಲಿ ಡಿಲನ್ ಹೆಚ್ಚು ದಣಿದಂತೆ ಹಾಡುತ್ತಾರೆ’ ಎಂದು ಬರೆಯುವ ಮುನ್ನ ನೀವು ಗುರುತಿಸಿದ್ದು ದನಿಯ ದಣಿವೋ ಟೇಪಿನ ವೇಗವೋ ನೋಡಿಕೊಳ್ಳಿ.

ಕನ್ನಡದ ಕ್ರಿಯಾಪದ ನಿಮ್ಮನ್ನು ಹಿಡಿದು ಕೇಳುತ್ತದೆ

ಇಂಗ್ಲಿಷಿನಲ್ಲಿ ‘ಹೀ’ ತೆಗೆದು ‘ಐ’ ಹಾಕಿದರೆ ಬದಲಾಗುವುದು ಒಂದು ಚಿಕ್ಕ ಪದ. ಕನ್ನಡದಲ್ಲಿ ಸಾರಾಂಶ ಬರೆದು ನೋಡಿ: ಮಲಗಿದ್ದ, ಯೋಚಿಸುತ್ತಿದ್ದ, ಹೊರಟ. ಮಲಗಿದ್ದೆ, ಯೋಚಿಸುತ್ತಿದ್ದೆ, ಹೊರಟೆ. ಪ್ರತಿ ವಾಕ್ಯದ ಬಾಲವೇ ತಿರುಗುತ್ತದೆ. ಇಂಗ್ಲಿಷ್ ಕಿವಿ ಗಮನಿಸದೆ ದಾಟಿಬಿಡುವ ಪಲ್ಲಟ ಇಲ್ಲಿ ಸಾಲುಸಾಲಿಗೂ ಎದ್ದು ನಿಲ್ಲುತ್ತದೆ. ಕನ್ನಡದಲ್ಲಿ ಬರೆಯುವ ವಿಮರ್ಶಕನಿಗೆ ಇದು ಸುಮ್ಮನೆ ಸಿಕ್ಕ ಉಪಕರಣ, ಬಳಸಿಕೊಳ್ಳಿ. 1974ರಲ್ಲಿ ಡಿಲನ್ ನ್ಯೂಯಾರ್ಕಿನಲ್ಲಿ ನಾರ್ಮನ್ ರೇಬೆನ್ ಎಂಬ ಚಿತ್ರಕಾರರ ಬಳಿ ಪಾಠಕ್ಕೆ ಹೋಗುತ್ತಿದ್ದರು. ನಿನ್ನೆ, ಇಂದು, ನಾಳೆ ಮೂರೂ ಒಂದೇ ಚಿತ್ರದಲ್ಲಿ ಕಾಣುವ ಹಾಗೆ ಹಾಡು ಕಟ್ಟುವುದನ್ನು ಅಲ್ಲಿ ಕಲಿತೆ ಎಂಬ ಅರ್ಥದ ಮಾತು ಆಮೇಲೆ ಹೇಳಿಕೊಂಡರು. ‘ಅವನು’ ಮತ್ತು ‘ನಾನು’ ಒಬ್ಬನೋ ಇಬ್ಬರೋ ಎಂಬ ಗೊಂದಲ ಈ ಹಾಡಿನ ಕಸುಬುಗಾರಿಕೆಯ ಭಾಗ. ಸಾರಾಂಶ ಬರೆಯುವಾಗ ನೀವು ಅದನ್ನು ನೇರ್ಪುಮಾಡಿ ಕೆಡಿಸಬಾರದು.

ಇದೇ ಕಾರಣಕ್ಕೆ ಬರವಣಿಗೆಯಲ್ಲಿ ಒಂದು ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು. ಮನುಷ್ಯ ಡಿಲನ್‌ಗೆ ಬಹುವಚನ, ಹಾಡಿನೊಳಗಿನ ನಿರೂಪಕನಿಗೆ ಏಕವಚನ. ‘ಡಿಲನ್ ಇಲ್ಲಿ ಪದವನ್ನು ಎಳೆಯುತ್ತಾರೆ’, ‘ನಿರೂಪಕ ಮನೆ ಬಿಟ್ಟು ಹೊರಡುತ್ತಾನೆ’. ಗೌರವದ ಪ್ರಶ್ನೆ ಅಷ್ಟು ದೊಡ್ಡದಲ್ಲ. ಹೀಗೆ ಬರೆದಾಗ ಬದುಕು ಮತ್ತು ಹಾಡು ಕಲಸಿಹೋಗುವುದನ್ನು ವ್ಯಾಕರಣವೇ ತಡೆಯುತ್ತದೆ. ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಎಂದರೆ ವಿಚ್ಛೇದನದ ಆಲ್ಬಮ್ ಎಂದು ಎಲ್ಲರೂ ಬರೆಯುತ್ತಾರೆ. ಡಿಲನ್ ತಮ್ಮ ಆತ್ಮಕಥನದಲ್ಲಿ, ಹೆಸರು ಹೇಳದ ಒಂದು ಆಲ್ಬಮ್ ಚೆಕಾಫ್‌ನ ಸಣ್ಣಕತೆಗಳ ಮೇಲೆ ನಿಂತಿದೆ, ವಿಮರ್ಶಕರು ಅದನ್ನು ನನ್ನ ಬದುಕೆಂದುಕೊಂಡರು ಎಂದಿದ್ದಾರೆ. ಆ ಮಾತನ್ನೂ ಪೂರ್ತಿ ನಂಬಬೇಕಿಲ್ಲ, ಆಸಾಮಿ ಸಂದರ್ಶಕರನ್ನು ಆಟವಾಡಿಸಿಯೇ ಬೆಳೆದವರು. ಆದರೆ ಸಾಲಿನಿಂದ ಬದುಕಿಗೆ ಹಾರುವ ಮುನ್ನ ಎರಡು ಸಲ ಯೋಚಿಸುವುದಕ್ಕೆ ಅಷ್ಟು ಸಾಕು.

‘ಯೂ’ ಎಂಬುದನ್ನೂ ಹೀಗೇ ನಿರ್ಧರಿಸಬೇಕು. ‘ಲೈಕ್ ಎ ರೋಲಿಂಗ್ ಸ್ಟೋನ್’ನಲ್ಲಿ ಅದು ‘ನೀನು’, ಅನುಮಾನವೇ ಇಲ್ಲ. ‘ನೀವು’ ಎಂದ ಕೂಡಲೇ ಹಾಡಿನ ಹಲ್ಲು ಉದುರುತ್ತದೆ.

ಧಾಟಿ ಎಲ್ಲಿಂದ ಬಂತು?

ಡಿಲನ್ನರ ಆರಂಭದ ಹಾಡುಗಳ ಬಗ್ಗೆ ಬರೆಯುವಾಗ ಹಳೆಯ ಹಾಡುಗಳನ್ನು ಕೇಳದೆ ವಿಧಿಯಿಲ್ಲ. ‘ಬ್ಲೋಯಿಂಗ್ ಇನ್ ದ ವಿಂಡ್’ನ ಹಿಂದೆ ಗುಲಾಮಗಿರಿಯ ಕಾಲದ ‘ನೋ ಮೋರ್ ಆಕ್ಷನ್ ಬ್ಲಾಕ್’ ಇದೆ. ‘ಮಾಸ್ಟರ್ಸ್ ಆಫ್ ವಾರ್’ನದು ‘ನಾಟಮುನ್ ಟೌನ್’ನ ಧಾಟಿ. ‘ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್’ ಹಳೆಯ ಲಾವಣಿ ‘ಲಾರ್ಡ್ ರ‍್ಯಾಂಡಲ್’ನಿಂದ ಪ್ರಶ್ನೋತ್ತರದ ಚೌಕಟ್ಟನ್ನು ತೆಗೆದುಕೊಂಡಿದೆ: ತಾಯಿ ಕೇಳುತ್ತಾಳೆ, ಮಗ ಹೇಳುತ್ತಾನೆ. ಇದನ್ನು ಮೊದಲ ಸಲ ಕಂಡವರು ‘ಕದ್ದದ್ದು’ ಎಂದು ಹೌಹಾರುತ್ತಾರೆ. ಯಕ್ಷಗಾನದ ಪ್ರಸಂಗಕರ್ತ ಹೊಸ ಪದ್ಯವನ್ನು ಗೊತ್ತಿರುವ ಮಟ್ಟಿನಲ್ಲಿ ಕೂರಿಸಿದಾಗ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಅಮೆರಿಕದ ಜಾನಪದ ಗಾಯಕರ ನಡುವೆಯೂ ಅದೇ ರೂಢಿ ಇತ್ತು. ಆದರೆ ಅದನ್ನು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಹಳೆಯ ಹಾಡುಗಳಲ್ಲಿ ಹೆಚ್ಚಿನವಕ್ಕೆ ಹಕ್ಕುದಾರ ಇರಲಿಲ್ಲ, ಹೊಸದರ ಮೇಲೆ ಡಿಲನ್ ಹೆಸರಿನ ಹಕ್ಕು ಬಂತು.

ಹಾಗಾಗಿ ಮೂರನ್ನು ಬೇರೆ ಬೇರೆ ಇಡಿ: ಧಾಟಿ ತೆಗೆದುಕೊಂಡದ್ದು, ಚೌಕಟ್ಟು ತೆಗೆದುಕೊಂಡದ್ದು, ಸಾಲನ್ನೇ ತೆಗೆದುಕೊಂಡದ್ದು. ಮೊದಲನೆಯದಕ್ಕೆ ಪರೀಕ್ಷೆ ಸುಲಭ. ಹೊಸ ಹಾಡಿನ ಮಾತನ್ನು ಹಳೆಯ ಧಾಟಿಯಲ್ಲಿ ಗುನುಗಿ ನೋಡಿ, ಎಲ್ಲಿ ಕೂರುವುದಿಲ್ಲವೋ ಅಲ್ಲಿ ಡಿಲನ್ ಏನೋ ಸೇರಿಸಿದ್ದಾರೆ. ಬರೆಯಬೇಕಾದದ್ದು ಆ ಜಾಗದ ಬಗ್ಗೆ. ಎರಡನೆಯದಕ್ಕೆ ಚರಣಗಳ ರಚನೆಯನ್ನು ಪಕ್ಕಪಕ್ಕ ಬರೆದು ಏನು ಉಬ್ಬಿದೆ ನೋಡಿ. ಹಳೆಯ ಲಾವಣಿಯಲ್ಲಿ ಒಂದು ಪ್ರಶ್ನೆಗೆ ಚಿಕ್ಕ ಉತ್ತರ. ‘ಹಾರ್ಡ್ ರೇನ್’ನಲ್ಲಿ ಉತ್ತರ ಐದರಿಂದ ಏಳು ಸಾಲು, ಕೊನೆಯಲ್ಲಿ ಇನ್ನೂ ಉದ್ದ. ಮಗನ ಮಾತು ತಾಯಿಯ ಪ್ರಶ್ನೆಯನ್ನು ಮುಳುಗಿಸಿಬಿಡುತ್ತದೆ.

ಮೂರನೆಯದು ಸೂಕ್ಷ್ಮ. 2001ರ ‘ಲವ್ ಅಂಡ್ ಥೆಫ್ಟ್’ ಆಲ್ಬಮ್ಮಿನ ಹಲವು ಸಾಲುಗಳು ಜಪಾನಿನ ವೈದ್ಯ-ಲೇಖಕ ಜುನಿಚಿ ಸಾಗಾ ಅವರ, ಯಾಕುಜಾ (ಜಪಾನಿನ ಸಂಘಟಿತ ಅಪರಾಧಿ ಗುಂಪಿನವ) ಒಬ್ಬನ ನೆನಪುಗಳ ಪುಸ್ತಕದ ಇಂಗ್ಲಿಷ್ ಅನುವಾದದಿಂದ ಬಂದಿವೆ ಎಂದು 2003ರಲ್ಲಿ ಬೆಳಕಿಗೆ ಬಂತು. ಕಂಡುಹಿಡಿದದ್ದು ಪ್ರಾಧ್ಯಾಪಕರಲ್ಲ, ಪುಸ್ತಕ ಓದುತ್ತಿದ್ದ ಒಬ್ಬ ಅಭಿಮಾನಿ. ಇಂಥ ಬೇಟೆಗೆ ಇಳಿಯುವುದಾದರೆ ಎರಡೂ ಪಠ್ಯವನ್ನು ಅಕ್ಕಪಕ್ಕ ಅಚ್ಚುಮಾಡಿ, ಓದುಗನೇ ನೋಡಲಿ. ಒಂದೇ ಪದ ಹೊಂದಿದರೆ ಅದು ಸಾಕ್ಷಿಯಲ್ಲ. ಅಪರೂಪದ ನಾಲ್ಕೈದು ಪದ ಅದೇ ಕ್ರಮದಲ್ಲಿ ಬಂದರೆ, ಅದೇ ಪುಸ್ತಕದಿಂದ ಇನ್ನೊಂದು ಹಾಡಿಗೂ ಸಾಲು ಬಂದಿದ್ದರೆ ಮಾತ್ರ ಬಾಯಿ ತೆರೆಯಿರಿ.

ಸುದ್ದಿಯಿಂದ ಹುಟ್ಟಿದ ಹಾಡು

‘ದ ಲೋನ್‌ಸಮ್ ಡೆತ್ ಆಫ್ ಹ್ಯಾಟಿ ಕ್ಯಾರೊಲ್’ ಹಾಡನ್ನು ಪತ್ರಿಕಾ ವರದಿಯಂತೆ ಉಲ್ಲೇಖಿಸುವುದು ಸಾಮಾನ್ಯ ತಪ್ಪು. ಘಟನೆ ಹೀಗೆ: 1963ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನ ಹೋಟೆಲೊಂದರ ಔತಣದಲ್ಲಿ 24ರ ಶ್ರೀಮಂತ ಬಿಳಿಯ ಯುವಕ ವಿಲಿಯಂ ಜಾಂಟ್ಸಿಂಗರ್ ಕುಡಿದು, ಬಾರಿನಲ್ಲಿ ಕೆಲಸಕ್ಕಿದ್ದ 51ರ ಕಪ್ಪು ಮಹಿಳೆ ಹ್ಯಾಟಿ ಕ್ಯಾರೊಲ್‌ಗೆ ಆಟಿಕೆಯಂಥ ಬೆತ್ತದಿಂದ ಹೊಡೆದ, ಬೈದ. ಆಕೆ ಕುಸಿದು, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆರೋಪ ಕೊಲೆಯಿಂದ ನರಹತ್ಯೆಗೆ ಇಳಿಯಿತು. ಆಗಸ್ಟ್ 28ರಂದು, ಕಪ್ಪು ಜನರ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ನಿನ ಮಹಾ ಮೆರವಣಿಗೆಯ ದಿನವೇ, ಮೂವರು ನ್ಯಾಯಾಧೀಶರ ಪೀಠ ಆರು ತಿಂಗಳ ಸಜೆ ಕೊಟ್ಟಿತು. ಅಕ್ಟೋಬರ್ 23ರಂದು ಡಿಲನ್ ಹಾಡು ಮುದ್ರಿಸಿದರು.

ಹಾಡಿನಲ್ಲಿ ಅಪರಾಧಿಯ ಹೆಸರಿನ ಒಂದು ಅಕ್ಷರ ಬಿದ್ದಿದೆ, ಆರೋಪ ಪ್ರಥಮ ದರ್ಜೆಯ ಕೊಲೆಯಾಗಿದೆ, ನ್ಯಾಯಾಧೀಶ ಒಬ್ಬನೇ, ಸಾವಿಗೆ ನೇರ ಕಾರಣ ಬೆತ್ತ. ಆಕೆ ಕಪ್ಪು ಮಹಿಳೆ ಎಂದು ಮಾತ್ರ ಒಮ್ಮೆಯೂ ಹೇಳಿಲ್ಲ. ಈ ವ್ಯತ್ಯಾಸಗಳನ್ನು ‘ಡಿಲನ್ ಸುಳ್ಳು ಹೇಳಿದರು’ ಎಂದು ಮುಗಿಸುವವರೂ ಇದ್ದಾರೆ, ಪೂರ್ತಿ ಮುಚ್ಚಿಡುವ ಭಕ್ತರೂ ಇದ್ದಾರೆ. ಎರಡೂ ಬೇಡ. ಕೋಷ್ಟಕದಲ್ಲಿ ಬರೆದುಕೊಳ್ಳಿ, ಪ್ರತಿಯೊಂದರ ಮುಂದೆ ‘ಇದರಿಂದ ಹಾಡಿಗೆ ಏನಾಯಿತು?’ ಎಂದು ಕೇಳಿ. ಬದುಕಿದ್ದ ಮನುಷ್ಯನೊಬ್ಬನ ಮೇಲೆ ಇಲ್ಲದ ಆರೋಪ ಹೊರಿಸಿದ್ದು ಹಾಡಿನ ಲೆಕ್ಕದಲ್ಲೇ ಉಳಿಯಬೇಕು.

ಹಾಡಿನ ಶಕ್ತಿ ಇರುವುದು ಬೇರೆ ಕಡೆ. ಆಕೆಯ ಕೆಲಸ ಹೇಳುವ ಚರಣದಲ್ಲಿ ಮೂರು ಸಾಲು ಒಂದರ ಮೇಲೊಂದು ‘ಟೇಬಲ್’ ಎಂದೇ ಮುಗಿಯುತ್ತವೆ. ಪ್ರಾಸ ಸಿಗದೆ ಅಲ್ಲ: ಆಕೆಯ ದಿನವೆಲ್ಲ ಅದೇ ಟೇಬಲ್ಲಿಗೆ ಮರಳುತ್ತದೆ. ಪಲ್ಲವಿ ಮೂರು ಸಲ ‘ಅಳುವ ಹೊತ್ತು ಇನ್ನೂ ಬಂದಿಲ್ಲ’ ಎನ್ನುತ್ತದೆ: ಸಾವಾದಾಗಲೂ ಬಂದಿಲ್ಲ, ಬೆತ್ತ ಬೀಸಿದಾಗಲೂ ಬಂದಿಲ್ಲ. ಬರುವುದು ತೀರ್ಪಿನ ನಂತರ. ಲೇಖನದ ಅರ್ಧ ಭಾಗ ಈ ಎರಡು ಸಂಗತಿಗೇ ಹೋದರೂ ತಪ್ಪಿಲ್ಲ.

ಪದೇಪದೇ ಆಗುವ ಎಡವಟ್ಟುಗಳು

ದಿನ, ಜಾಗ ಕಲಸುವುದು ಮೊದಲನೆಯದು. ಡಿಲನ್ ವಿದ್ಯುತ್ ಗಿಟಾರ್ ಹಿಡಿದದ್ದಕ್ಕೆ ‘ಜೂಡಾಸ್!’ (ಏಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರು) ಎಂದು ಪ್ರೇಕ್ಷಕನೊಬ್ಬ ಕೂಗಿದ್ದು 1966ರ ಮೇ 17, ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ. ಆ ಕಳ್ಳ ಟೇಪು ದಶಕಗಳ ಕಾಲ ‘ರಾಯಲ್ ಆಲ್ಬರ್ಟ್ ಹಾಲ್’ ಎಂಬ ಹೆಸರಿನಲ್ಲಿ ಓಡಾಡಿತು. 1998ರಲ್ಲಿ ಅಧಿಕೃತವಾಗಿ ಬಂದಾಗಲೂ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡರು. 1965ರ ಜುಲೈ 25ರ ನ್ಯೂಪೋರ್ಟ್ ಜಾನಪದ ಉತ್ಸವದ ಪ್ರಸಂಗ ಬೇರೆಯೇ. ಅಲ್ಲಿ ಕೂಗಾಡಿದವರು ವಿದ್ಯುತ್ ಗಿಟಾರಿಗೆ ಸಿಟ್ಟಾದರೋ, ಕೆಟ್ಟ ಧ್ವನಿವ್ಯವಸ್ಥೆಗೋ, ಮೂರೇ ಹಾಡಿಗೆ ತಂಡ ಇಳಿದದ್ದಕ್ಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಒಂದೇ ಕಾರಣ ಕೊಟ್ಟು ಮುಂದೆ ಹೋಗಬೇಡಿ.

ಎರಡನೆಯದು ಸಂಕೇತ ಬಿಡಿಸುವ ಚಟ. ‘ಡಿಲನಾಲಜಿ’ ಎಂಬ ಪದ ಹುಟ್ಟಿಸಿದ ಎ. ಜೆ. ವೆಬರ್‌ಮನ್, ಹಾಡುಗಳಲ್ಲಿ ಗುಪ್ತಭಾಷೆ ಇದೆ ಎಂದು ನಂಬಿ, 1970ರ ಸುಮಾರಿಗೆ ಗ್ರೀನಿಚ್ ವಿಲೇಜಿನ ಡಿಲನ್ ಮನೆಯ ಕಸದ ಡಬ್ಬಿಯನ್ನೇ ಶೋಧಿಸಿದರು. ಸಿಕ್ಕಿದ್ದು ಕಸ. ‘ಮಿಸ್ಟರ್ ಟ್ಯಾಂಬೂರಿನ್ ಮ್ಯಾನ್’ ಎಂದರೆ ಮಾದಕವಸ್ತು ಮಾರುವವ ಎಂಬ ವ್ಯಾಖ್ಯಾನವೂ ಇದೇ ಜಾತಿಯದು. ಅಷ್ಟಗಲದ ತಮಟೆಯಂಥ ವಾದ್ಯ ಹೊತ್ತು ಬರುತ್ತಿದ್ದ ಗಿಟಾರ್ ವಾದಕ ಬ್ರೂಸ್ ಲ್ಯಾಂಗ್‌ಹಾರ್ನ್ ಆ ಹಾಡಿಗೆ ಪ್ರೇರಣೆ ಎಂದು ಡಿಲನ್ನರೇ 1985ರಲ್ಲಿ ಹೇಳಿದರು. ಹಾಡಿನಲ್ಲಿ ಎರಡನೆಯ ಗಿಟಾರ್ ನುಡಿಸಿರುವುದೂ ಲ್ಯಾಂಗ್‌ಹಾರ್ನ್. ಆ ವಾದ್ಯ ಓಕ್ಲಹೋಮಾದ ಟಲ್ಸಾದಲ್ಲಿ 2022ರ ಮೇ ತಿಂಗಳಲ್ಲಿ ತೆರೆದ ಬಾಬ್ ಡಿಲನ್ ಸೆಂಟರ್‌ಗೆ ಸೇರಿದೆ.

ಮೂರನೆಯದು ನಮ್ಮದೇ: ‘ಡಿಲನ್ ಅಮೆರಿಕದ ಶಿಶುನಾಳ ಶರೀಫ’. ಶರೀಫರ ಪದಗಳನ್ನು ಇಂದು ಬಹಳ ಮಂದಿ ಬಲ್ಲದ್ದು ಸಿ. ಅಶ್ವಥ್ ಕೂರಿಸಿದ ರಾಗದಲ್ಲಿ. ಡಿಲನ್ ಹಾಡಿನ ದೊಡ್ಡ ಸಂಗತಿಯೇ ಬರೆದವರೇ ಹಾಡಿ, ಹಾಡುತ್ತಲೇ ತಿದ್ದಿದ್ದು. ಹೋಲಿಕೆ ಅಲ್ಲೇ ಮುರಿಯುತ್ತದೆ. ಭಾರತದ ನಂಟು ಬೇಕೇಬೇಕೆಂದರೆ 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಲಕೋಟೆಯ ಚಿತ್ರದಲ್ಲಿ ಡಿಲನ್ ಅಕ್ಕಪಕ್ಕ ನಿಂತಿರುವ ಬಂಗಾಳದ ಬಾವುಲರನ್ನು (ಅಲೆಮಾರಿ ಭಕ್ತ ಹಾಡುಗಾರರು), ಪೂರ್ಣದಾಸ ಮತ್ತು ಲಕ್ಷ್ಮಣದಾಸರನ್ನು, ಹೆಸರಿಸಿ. ಆಲ್ಬಮ್ಮಿನ ಸಂಗೀತದಲ್ಲಿ ಬಾವುಲ್ ಇದೆ ಎಂದು ಮಾತ್ರ ಹೇಳಬೇಡಿ, ಇಲ್ಲ.

ದನಿಯ ಬಗ್ಗೆ ‘ಒರಟು’, ‘ಮೂಗಿನಿಂದ ಬರುವ’ ಎಂಬೆರಡು ಮಾತು ಬರೆದು ಸುಮ್ಮನಾಗುವುದು ನಾಲ್ಕನೆಯದು. ‘ಲೈಕ್ ಎ ರೋಲಿಂಗ್ ಸ್ಟೋನ್’ 1965ರ ಜೂನ್ 15ರಂದು ಮೂರರ ಎಣಿಕೆಯ ವಾಲ್ಟ್ಜ್ ಲಯದಲ್ಲಿ ಶುರುವಾಗಿ, ಮರುದಿನದ ನಾಲ್ಕನೇ ಟೇಕಿನಲ್ಲಿ ನಮಗೆ ಗೊತ್ತಿರುವ ರೂಪಕ್ಕೆ ಬಂತು. 2015ರ ‘ದ ಕಟಿಂಗ್ ಎಡ್ಜ್’ನಲ್ಲಿ ಆ ಎಲ್ಲ ಯತ್ನಗಳೂ ಇವೆ. ಎರಡನ್ನೂ ಕೇಳಿ ಪಲ್ಲವಿಯ ‘ಫೀಲ್’ ಎಂಬ ಒಂದೇ ಪದವನ್ನು ಎಷ್ಟು ಎಳೆದಿದ್ದಾರೆ, ತಾಳಕ್ಕೆ ಮುಂಚೆ ಬರುತ್ತದೋ ತಡವಾಗಿಯೋ ಎಂದು ಗುರುತುಮಾಡಿ. ‘ಒರಟು’ ಎಂಬ ಪದ ಆಮೇಲೆ ನಿಮಗೆ ಬೇಕಾಗುವುದಿಲ್ಲ.

ಅಭಿಮಾನಿ ಎಂದ ಮಾತ್ರಕ್ಕೆ ಹೊಗಳಲೇಬೇಕೆಂದಿಲ್ಲ. 1970ರ ‘ಸೆಲ್ಫ್ ಪೋರ್ಟ್ರೇಟ್’ ಆಲ್ಬಮ್ ಬಂದಾಗ ವಿಮರ್ಶಕ ಗ್ರೀಲ್ ಮಾರ್ಕಸ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಬೈಗುಳದಿಂದಲೇ ವಿಮರ್ಶೆ ಆರಂಭಿಸಿದರು. ಅದೇ ಕಾಲದ ಉಳಿಕೆ ಹಾಡುಗಳು 2013ರಲ್ಲಿ ಹೊರಬಂದಾಗ ಅದಕ್ಕೆ ಟಿಪ್ಪಣಿ ಬರೆದವರೂ ಅವರೇ.

ಉಲ್ಲೇಖ, ಅನುವಾದ, ಕಾನೂನು

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯವಾದ ಪ್ರಮಾಣದ ಉಲ್ಲೇಖಕ್ಕೆ ಅವಕಾಶ ಕೊಡುತ್ತದೆ. ‘ನಾಲ್ಕು ಸಾಲಿನ ತನಕ ಪರವಾಗಿಲ್ಲ’ ಎಂಬ ಜನಪ್ರಿಯ ಮಾತು ಮಾತ್ರ ಕಾಯಿದೆಯಲ್ಲಿಲ್ಲ. ನೀವು ಚರ್ಚಿಸುವ ಸಾಲನ್ನಷ್ಟೇ ತೆಗೆದುಕೊಳ್ಳಿ. ಅನುವಾದದ ಹಕ್ಕೂ ಹಕ್ಕುದಾರರದೇ, ಆದ್ದರಿಂದ ಇಡೀ ಹಾಡನ್ನು ಕನ್ನಡಿಸಿ ಲೇಖನದಲ್ಲಿ ಸೇರಿಸುವುದು ವಿಮರ್ಶೆಯ ರಕ್ಷಣೆಯೊಳಗೆ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ಡಿಲನ್ ತಮ್ಮ ಹಾಡುಗಳ ಪ್ರಕಾಶನದ ಹಕ್ಕನ್ನು 2020ರ ಡಿಸೆಂಬರ್‌ನಲ್ಲಿ ಯೂನಿವರ್ಸಲ್ ಕಂಪನಿಗೆ ಮಾರಿದ್ದಾರೆ, ಅನುಮತಿ ಕೇಳುವುದಾದರೆ ಅಲ್ಲಿ.

ಸಾಲಿನ ಅರ್ಥ ಹೇಳಲು ಗದ್ಯ ಸಾಕು. ಆದಿಪ್ರಾಸ, ಅಂತ್ಯಪ್ರಾಸ ಹಾಕಿ ಪದ್ಯ ಮಾಡಲು ಹೊರಟರೆ ಪ್ರಾಸಕ್ಕಾಗಿ ಅರ್ಥ ವಾಲುತ್ತದೆ, ಆಮೇಲೆ ನೀವು ವಿಮರ್ಶಿಸುವುದು ನಿಮ್ಮದೇ ಪದ್ಯವನ್ನು. ಮೂಲದ ಪದದ ಸದ್ದೇ ಮುಖ್ಯವಾದಲ್ಲಿ, ಮೇಲಿನ ‘ಟೇಬಲ್’ ಇದ್ದ ಹಾಗೆ, ಆ ಒಂದು ಪದವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಉಳಿದದ್ದನ್ನು ವಿವರಿಸಿ.

ಬರೆದು ಮುಗಿಸಿದ ಮೇಲೆ ಒಂದು ದಿನ ಬಿಟ್ಟು, ಲೇಖನವನ್ನು ಎದುರಿಗಿಟ್ಟುಕೊಂಡು ಹಾಡನ್ನು ಮತ್ತೆ ಹಾಕಿ. ನೀವು ಬರೆದ ಪ್ರತಿ ನಿಮಿಷ-ಸೆಕೆಂಡಿನಲ್ಲೂ ನಿಲ್ಲಿಸಿ ಕೇಳಿ. ನೀವು ಹೇಳಿದ್ದು ಅಲ್ಲಿ ಕೇಳಿಸದಿದ್ದರೆ ಆ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಹೊಡೆದುಹಾಕಿ. ಲೇಖನದ ತಲೆಯ ಮೇಲೆ ಒಂದು ಸಾಲು ಇರಲಿ: ಹಾಡಿನ ಹೆಸರು, ಮುದ್ರಣದ ದಿನ, ಜಾಗ, ನೀವು ಕೇಳಿದ ಬಿಡುಗಡೆ ಮತ್ತು ಅದರ ವರ್ಷ, ಮೋನೋ ಅಥವಾ ಸ್ಟೀರಿಯೊ.